ಹೋಲ್ಡಾನ್, ರೈಟ್

ಕಮ್ಮನಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿಯ ಮೇಲೆ
ಮೂರನೇ ಮಹಡಿ, ಲಿಫ್ಟಿಲ್ಲ.
ಹತ್ತುವಷ್ಟರಲ್ಲೇ ಅರ್ಧ ಪರೀಕ್ಷೆ ಮುಗಿದಿರುತ್ತದೆ.
ಬಾಗಿಲಲ್ಲಿ ಕೂತ ಹುಡುಗ ಕೇಳಿದ:
ಮಗಳನ್ನ ಬಿಡೋಕೆ ಬಂದ್ರಾ ಆಂಟಿ, ಮೊಮ್ಮಗಳನ್ನಾ?
ನನ್ನನ್ನೇ ಬಿಡೋಕೆ ಬಂದಿದೀನಿ, ಅಂದೆ.
ಫಾರ್ಮಿನಲ್ಲಿ ವಯಸ್ಸಿನ ಖಾನೆಗೆ
ಐವತ್ತೊಂಬತ್ತು ಅಂತ ಬರೆದು
ಹೊಡೆದುಹಾಕಿ ಅರವತ್ಮೂರು ಮಾಡಿದೆ.
ಇಪ್ಪತ್ತೇಳು ವರ್ಷ ವೇಬಿಲ್ ಬರೆದ ಕೈ,
ಲೆಕ್ಕದಲ್ಲಿ ಸುಳ್ಳು ಒಗ್ಗಲ್ಲ.

ಮನೆಯಲ್ಲಿ ಹೇಳಿದ್ದು ವಾಕಿಂಗ್ ಅಂತ.
ಗೊತ್ತಾದ ಮೇಲೆ ನಾದಿನಿ ಫೋನು ಮಾಡಿ
ದನಿ ಇಳಿಸಿದಳು, ಯಾರಿಗೋ ಕಾಯಿಲೆ ಬಂದ ಹಾಗೆ:
ಹನುಮಕ್ಕ, ಭಜನೆ ಕ್ಲಾಸಿದೆ, ಯೋಗ ಇದೆ,
ಗಂಡಸರ ಕೈ ಹಿಡ್ಕೊಂಡು, ಈ ವಯಸ್ಸಲ್ಲಿ...
ಯಾವ ವಯಸ್ಸಲ್ಲಿ ಹಿಡೀಬೇಕಿತ್ತು ಅಂತ
ಕೇಳಬೇಕೆನಿಸಿತು. ಅಷ್ಟರಲ್ಲಿ ಅವಳ ಕುಕ್ಕರ್ ಕೂಗಿತು.
ನಮ್ಮನೆಯವರು ಪೇಪರು ಮಡಚಿ
ಬೀಳದಿದ್ರೆ ಸರಿ, ಅಂದರು.
ಅವರ ಮಾತು ಒಪ್ಪಿಗೆಯೋ ಎಚ್ಚರಿಕೆಯೋ
ಮೂವತ್ತೆಂಟು ವರ್ಷವಾದರೂ ನನಗೆ ಬಿಡಿಸಲಾಗಿಲ್ಲ.

ಗಂಡಸರ ಕೈ!
ಎಷ್ಟು ಸಾವಿರ ಕೈ ಮುಟ್ಟಿಲ್ಲ ನಾನು,
ಎಲ್ಲ ಚಿಲ್ಲರೆಯಷ್ಟೇ ಅಗಲ:
ಬೆವರಿದ ನೋಟು, ಬಿಸಿ ನಾಣ್ಯ,
ಎರಡು ರೂಪಾಯಿಗೆ ಜಗಳ, ಮುಂದೆ ಹೋಗ್ರೀ ಮುಂದೆ.
ಇಲ್ಲಿ ಮೊದಲ ದಿನ
ವಾಚು ರಿಪೇರಿಯ ಕರೀಮುಲ್ಲಾ ಸಾಹೇಬರು
ಅಂಗೈ ಮೇಲೆ ಮಾಡಿ ಚಾಚಿ ನಿಂತರು.
ಅದರಲ್ಲಿ ಕಾಸಿರಲಿಲ್ಲ.
ನನ್ನ ಕೈಗೆ ಏನು ಮಾಡಬೇಕೆಂದು
ತುಸು ಹೊತ್ತು ತೋಚಲಿಲ್ಲ.

ರೋವೆನಾ ಮಿಸ್ ಎಣಿಸುತ್ತಾಳೆ:
ಒಂದು ಎರಡು ಮೂರು, ಐದು ಆರು ಏಳು.
ನಾಲ್ಕು ಎಲ್ಲಿ ಹೋಯ್ತು, ಎಂಟು ಎಲ್ಲಿ? ಕೇಳಿದೆ.
ನಂಬರು ತಪ್ಪಿದ ಟಿಕೆಟ್ ಕಟ್ಟು ಕಂಡರೆ
ಈಗಲೂ ಎದೆ ಧಸಕ್ಕೆನ್ನುತ್ತದೆ.
ಇಲ್ಲೇ ಇದೆ, ಅಂದಳು,
ಅದರ ಮೇಲೆ ಸುಮ್ಮನೆ ನಿಲ್ಲಬೇಕು.

ಸ್ಟೆಪ್ಪು ಮರೆಯುತ್ತದೆ. ಮಂಡಿ ಊದುತ್ತದೆ.
ನನ್ನ ನೋವಿನೆಣ್ಣೆಯ ವಾಸನೆ
ಜೊತೆಗಾರರಿಗೆಲ್ಲ ಹಂಚಿಹೋಗುತ್ತದೆ.
ಆದರೆ ತಿರುಗಿಸಿದರೆ ಬೀಳುವುದಿಲ್ಲ.
ಎರಡು ಕೈಯಲ್ಲೂ ಕಾಸು ಕಾಗದ ತುಂಬಿಕೊಂಡು
ಯಾವ ಕಂಬಿಯೂ ಹಿಡಿಯದೆ ನಿಂತವಳು,
ಡ್ರೈವರು ಬ್ರೇಕಿಗೆ ಕಾಲಿಡುವ ಮೊದಲೇ
ನನ್ನ ಸೊಂಟಕ್ಕೆ ಸುದ್ದಿ ಬರುತ್ತಿತ್ತು.
ಇದನ್ನೆಲ್ಲ ಯಾರು ಕಲಿಸಿದ್ರು? ರೋವೆನಾಗೆ ಅಚ್ಚರಿ.
ಹೆಣ್ಣೂರು ರೋಡಿನ ಗುಂಡಿಗಳು, ಅಂದೆ.

ಶನಿವಾರ ಇಂದಿರಾನಗರದಲ್ಲಿ
ಎಲ್ಲ ಕ್ಲಾಸಿನವರೂ ಸೇರಿ ಕುಣಿಯುವ ರಾತ್ರಿ.
ನನ್ನನ್ನು ಕಂಡದ್ದೇ ಒಬ್ಬ ಕುರ್ಚಿ ತಂದ.
ಕೂತ್ಕೊಳ್ಳಿ ಆಂಟಿ.
ಕೂತೆ.
ಒಬ್ಬಳು ನೀರು ಕೊಟ್ಟಳು, ಇನ್ನೊಬ್ಬ ಫ್ಯಾನು ನನ್ನ ಕಡೆ ತಿರುಗಿಸಿದ.
ಆರು ಹಾಡು ಕಳೆದವು. ಯಾರೂ ಕೈ ಚಾಚಲಿಲ್ಲ.
ಹಿರಿಯ ನಾಗರಿಕರಿಗೆ ಅಂತ ಬರೆದ ಸೀಟಿನಿಂದ
ಎಷ್ಟು ಹುಡುಗರನ್ನು ಗದರಿಸಿ ಎಬ್ಬಿಸಿದ್ದೇನೆ.
ಹಾಗೆ ಕೂರಿಸಿದ ಮುದುಕರು ಮಾತಿಲ್ಲದೆ
ಕಿಟಕಿ ಕಡೆ ತಿರುಗಿಬಿಟ್ಟರೆ
ಎಂಥ ಸೊಕ್ಕು, ಅಂದುಕೊಳ್ಳುತ್ತಿದ್ದೆ.

ಏಳನೇ ಹಾಡಿಗೆ ಎದ್ದೆ.
ಹಿಂದಿನ ಬಾಗಿಲಿನಿಂದ ಡ್ರೈವರಿನ ತನಕ ತಲುಪುತ್ತಿದ್ದ ಗಂಟಲು
ಇನ್ನೂ ನನ್ನ ಹತ್ತಿರವೇ ಇತ್ತು:
ಯಾರ್ರೀ ಬರ್ತೀರಾ?
ಮೂವರು ತಮ್ಮ ಜೇಬು ಮುಟ್ಟಿ ನೋಡಿಕೊಂಡರು.
ಒಬ್ಬ ಬಂದ, ಇಪ್ಪತ್ತೈದರವನು,
ಗಾಜಿನ ಸಾಮಾನು ಇಳಿಸುವವನ ಹಾಗೆ
ಎರಡೇ ಬೆರಳಲ್ಲಿ ನನ್ನ ಕೈ ಹಿಡಿದ.
ಹೋಲ್ಡಾನ್, ಅಂದೆ.
ನಿಲ್ಲು ಅಂತ ನನ್ನ ಅರ್ಥ.
ಬಸ್ಸು ಹತ್ತದ ಹುಡುಗ, ಗಟ್ಟಿಯಾಗಿ ಹಿಡಿದುಕೊಂಡ.
ಇರಲಿ.
ರೈಟ್, ಅಂದೆ.
ಅವನು ಎಡಗಾಲು ಮುಂದಿಟ್ಟ.
ಹಿಂದಕ್ಕೆ ಹೋದದ್ದು ನನ್ನ ಬಲಗಾಲು.